ರಫ್ತಿನ ಪಟ್ಟಿಯಲ್ಲಿ ಯಾರು ಎಲ್ಲಿ? ಮುನ್ನೂರು ವರ್ಷಗಳ ಲೆಕ್ಕದ ಕತೆ

ನೆದರ್‌ಲೆಂಡ್ಸ್‌ನ ಜನಸಂಖ್ಯೆ 1.8 ಕೋಟಿ. ಕರ್ನಾಟಕದ ಮೂರನೇ ಒಂದು ಭಾಗದಷ್ಟೂ ಜನ ಅಲ್ಲಿಲ್ಲ. ನೆಲವೂ ನಮ್ಮ ರಾಜ್ಯದ ಕಾಲು ಭಾಗಕ್ಕಿಂತ ಕಡಿಮೆ, ಅದರಲ್ಲೂ ಒಂದಷ್ಟು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಆದರೂ ವಿಶ್ವ ವಾಣಿಜ್ಯ ಸಂಸ್ಥೆಯ 2023ರ ಸರಕು ರಫ್ತಿನ ಪಟ್ಟಿಯಲ್ಲಿ ಚೀನಾ, ಅಮೆರಿಕ, ಜರ್ಮನಿಗಳ ಬೆನ್ನಿಗೇ ಈ ದೇಶದ ಹೆಸರು. ಆ ವರ್ಷ ಅದು ಹೊರಗೆ ಕಳಿಸಿದ ಸರಕಿನ ಮೌಲ್ಯ 93,000 ಕೋಟಿ ಡಾಲರ್ ದಾಟಿತ್ತು. 143 ಕೋಟಿ ಜನರ ಭಾರತದ್ದು 43,000 ಕೋಟಿ ಡಾಲರ್ ಆಸುಪಾಸು, ಸ್ಥಾನ ಹದಿನೆಂಟು.

ಹಾಗಂತ ಡಚ್ಚರು ನಮ್ಮ ಎರಡು ಪಟ್ಟು ಸರಕು ತಯಾರಿಸುತ್ತಾರೆ ಅಂದುಕೊಳ್ಳಬೇಕಿಲ್ಲ. ರಾಟರ್‌ಡ್ಯಾಮ್ ಯುರೋಪಿನ ಅತಿ ದೊಡ್ಡ ಬಂದರು. ಚೀನಾದ ಲ್ಯಾಪ್‌ಟಾಪ್, ಬ್ರೆಜಿಲ್‌ನ ಸೋಯಾ, ಗುಜರಾತಿನ ಡೀಸೆಲ್ ಅಲ್ಲಿಗೆ ಬಂದು ಇಳಿಯುತ್ತವೆ. ಅಲ್ಲಿನ ಕಂಪನಿ ಅದನ್ನು ಕೊಂಡು, ಹೆಚ್ಚೇನೂ ಬದಲಿಸದೆ ಜರ್ಮನಿಗೋ ಪೋಲೆಂಡಿಗೋ ಮಾರಿದರೆ ಪೂರ್ತಿ ಮೌಲ್ಯ ಡಚ್ ರಫ್ತಿನ ಲೆಕ್ಕಕ್ಕೆ ಸೇರುತ್ತದೆ. ನೆದರ್‌ಲೆಂಡ್ಸ್‌ನ ಸರಕು ರಫ್ತಿನಲ್ಲಿ ಇಂಥ ಮರುರಫ್ತಿನ ಪಾಲು ಅರ್ಧಕ್ಕೆ ಹತ್ತಿರ. ಹಾಂಗ್‌ಕಾಂಗ್‌ನದ್ದಂತೂ ಹೆಚ್ಚುಕಡಿಮೆ ಎಲ್ಲವೂ ಮರುರಫ್ತೇ. ಕ್ರಿಕೆಟ್ ರ‍್ಯಾಂಕಿಂಗ್ ನೋಡುವ ಉತ್ಸಾಹದಲ್ಲಿ ನಾವು ನೋಡುವ ಈ ಪಟ್ಟಿ ಯಾವುದನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ಅದರದೇ ಒಂದು ಚರಿತ್ರೆ ಇದೆ.

1696ರಲ್ಲಿ ಇಂಗ್ಲೆಂಡು ಆಮದು-ರಫ್ತುಗಳ ಇನ್ಸ್‌ಪೆಕ್ಟರ್ ಜನರಲ್ ಎಂಬ ಹುದ್ದೆ ಸೃಷ್ಟಿಸಿತು. ದೇಶವೊಂದರ ವ್ಯಾಪಾರವನ್ನು ವರ್ಷವರ್ಷವೂ ಬಿಡದೆ ಲೆಕ್ಕ ಹಾಕುವ ಪದ್ಧತಿಯ ಮೊದಲ ದೊಡ್ಡ ಉದಾಹರಣೆಗಳಲ್ಲಿ ಇದೂ ಒಂದು. ಗುಮಾಸ್ತರು ಪ್ರತಿ ಸರಕಿಗೂ ಒಂದು ಬೆಲೆ ಗೊತ್ತುಮಾಡಿ ಲೆಡ್ಜರಿನಲ್ಲಿ ಬರೆದುಕೊಂಡರು. ಮಾರುಕಟ್ಟೆಯಲ್ಲಿ ಬೆಲೆ ಏರಿತು, ಇಳಿಯಿತು. ಲೆಡ್ಜರಿನ ಬೆಲೆ ಮಾತ್ರ ನೂರು ವರ್ಷ ಕಳೆದರೂ ಕದಲಲಿಲ್ಲ. ಯಂತ್ರಗಳು ಬಂದು ಹತ್ತಿಬಟ್ಟೆ ಅಗ್ಗವಾದ ಕಾಲಕ್ಕೆ ಆ ಹಳೆಯ ಬೆಲೆಯಲ್ಲಿ ಬಟ್ಟೆಯ ರಫ್ತು ನಿಜಕ್ಕಿಂತ ಎಷ್ಟೋ ಉಬ್ಬಿ ಕಾಣುತ್ತಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿಗೆ ಸಾಟಿ ಇರಲಿಲ್ಲ. ಬೆನ್ನ ಹಿಂದೆ ಜರ್ಮನಿ ಏರಿ ಬರುತ್ತಿದ್ದಾಗ 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿದೇಶಿ ಮಾಲಿನ ಮೇಲೆ ಮೂಲದೇಶದ ಗುರುತು ಹಾಕಿಸುವ ಕಾನೂನು ತಂದಿತು. ಕಳಪೆ ಜರ್ಮನ್ ಮಾಲು ಗಿರಾಕಿಗೆ ಗೊತ್ತಾಗಲಿ ಎಂಬುದು ಅವರ ಎಣಿಕೆ. ‘ಮೇಡ್ ಇನ್ ಜರ್ಮನಿ’ ಕೆಲವೇ ದಶಕಗಳಲ್ಲಿ ಒಳ್ಳೆಯ ಮಾಲಿನ ಮುದ್ರೆಯೇ ಆಗಿಬಿಟ್ಟಿತು.

ಅದೇ ಕಾಲದ ಭಾರತದ ಲೆಕ್ಕ ಇನ್ನೂ ವಿಚಿತ್ರ. 1850ರ ನಂತರದ ದಶಕಗಳಲ್ಲಿ ಭಾರತ ಹೆಚ್ಚುಕಡಿಮೆ ಪ್ರತಿ ವರ್ಷವೂ ಆಮದಿಗಿಂತ ಹೆಚ್ಚು ರಫ್ತು ಮಾಡುತ್ತಿತ್ತು: ಹತ್ತಿ, ಸೆಣಬು, ಅಫೀಮು, ಗೋಧಿ, ಚಹಾ. ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಮುಂಬೈ ಮೂಲಕ ಲಿವರ್‌ಪೂಲಿಗೆ ಹೋಗುತ್ತಿತ್ತು. ವ್ಯಾಪಾರದಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು ಬಿದ್ದಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದ 1861ರಿಂದ 1865ರ ನಡುವೆ ಇಲ್ಲಿ ಬೆಲೆ ಆಕಾಶಕ್ಕೇರಿತು. ಇಂದಿನ ಪತ್ರಿಕೆಗಳಾಗಿದ್ದರೆ ‘ವ್ಯಾಪಾರ ಮಿಗುತೆ’ ಎಂದು ಸಂಭ್ರಮಿಸುತ್ತಿದ್ದವು.

ದಾದಾಭಾಯಿ ನವರೋಜಿ ಸಂಭ್ರಮಿಸಲಿಲ್ಲ. ಸರ್ಕಾರದ್ದೇ ವ್ಯಾಪಾರ ಅಂಕಿಅಂಶ ಎದುರಿಗಿಟ್ಟುಕೊಂಡು ಅವರು ಕೇಳಿದ್ದು ಸರಳ ಪ್ರಶ್ನೆ: ಇಷ್ಟು ಹೆಚ್ಚು ಕಳಿಸಿದ್ದಕ್ಕೆ ಪ್ರತಿಯಾಗಿ ಏನು ಬಂತು? ವ್ಯವಸ್ಥೆ ಹೀಗಿತ್ತು. ಭಾರತದ ಹತ್ತಿ ಕೊಳ್ಳುವ ಲಂಡನ್ನಿನ ವ್ಯಾಪಾರಿ ಅಲ್ಲಿಯೇ ಭಾರತ ಕಾರ್ಯದರ್ಶಿಯ (ಭಾರತದ ಆಡಳಿತ ನೋಡಿಕೊಳ್ಳುವ ಬ್ರಿಟಿಷ್ ಮಂತ್ರಿಯ) ಕಚೇರಿಗೆ ಪೌಂಡುಗಳನ್ನು ಕಟ್ಟಿ ‘ಕೌನ್ಸಿಲ್ ಬಿಲ್’ ಎಂಬ ಹುಂಡಿ ಪಡೆಯುತ್ತಿದ್ದ. ಆ ಹುಂಡಿ ಭಾರತಕ್ಕೆ ಬಂದಾಗ ಇಲ್ಲಿನ ಖಜಾನೆ ಅದಕ್ಕೆ ರೂಪಾಯಿ ಕೊಡುತ್ತಿತ್ತು. ಖಜಾನೆಗೆ ಆ ರೂಪಾಯಿ ಬರುತ್ತಿದ್ದುದು ಭೂಕಂದಾಯದಿಂದ, ಉಪ್ಪಿನ ತೆರಿಗೆಯಿಂದ. ಅಂದರೆ ರೈತನ ಬೆಳೆಗೆ ರೈತನ ತೆರಿಗೆಯಿಂದಲೇ ಬೆಲೆ. ಪೌಂಡುಗಳು ಲಂಡನ್ನಿನಲ್ಲೇ ಉಳಿದು ಪಿಂಚಣಿ, ಸಾಲದ ಬಡ್ಡಿ, ಸೈನ್ಯದ ಖರ್ಚು ಎಂಬ ‘ಹೋಂ ಚಾರ್ಜಸ್’ ಬಾಬತ್ತಿಗೆ ಸಂದಾಯವಾಗುತ್ತಿದ್ದವು. ಈ ವಾದವನ್ನು ಮುಂದಿಟ್ಟ ನವರೋಜಿಯವರ ಪುಸ್ತಕ 1901ರಲ್ಲಿ ಬಂತು. ರಫ್ತಿನ ಅಂಕಿ ಮಾತ್ರ ನೋಡಿ ದೇಶದ ಸ್ಥಿತಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ನನಗಂತೂ ಬೇರೆ ಕಂಡಿಲ್ಲ.

1929ರ ಮಹಾಕುಸಿತ, ಮರುವರ್ಷ ಅಮೆರಿಕ ಏರಿಸಿದ ಸುಂಕದ ಗೋಡೆ, ಅದಕ್ಕೆ ಉಳಿದವರ ಪ್ರತಿಸುಂಕ ಎಲ್ಲ ಸೇರಿ ಮೂರ್ನಾಲ್ಕು ವರ್ಷಗಳಲ್ಲಿ ಜಾಗತಿಕ ವ್ಯಾಪಾರದ ಮೌಲ್ಯ ಮೂರನೇ ಒಂದಕ್ಕೆ ಇಳಿಯಿತು. ಆ ಪಾಠದಿಂದ ಹುಟ್ಟಿದ್ದು ದೇಶದೇಶಗಳು ಸುಂಕ ಇಳಿಸಲು ಮಾಡಿಕೊಂಡ ಗ್ಯಾಟ್ ಒಪ್ಪಂದ. 1947ರ ಅಕ್ಟೋಬರಿನಲ್ಲಿ ಸಹಿ ಹಾಕಿದ 23 ದೇಶಗಳಲ್ಲಿ, ಸ್ವಾತಂತ್ರ್ಯ ಬಂದು ಮೂರು ತಿಂಗಳೂ ತುಂಬದ ಭಾರತವೂ ಇತ್ತು.

ಇಂದು ನಾವು ನೋಡುವ ಪಟ್ಟಿಯ ಹಳೆಯ ಪುಟ ಶುರುವಾಗುವುದು 1948ರಿಂದ. ಸರಕು ರಫ್ತಿನಲ್ಲಿ ಅಮೆರಿಕದ ಪಾಲು ಶೇ 21ಕ್ಕೂ ಹೆಚ್ಚು, ಬ್ರಿಟನ್ ಶೇ 11. ಭಾರತ ಶೇ 2.2. ಚೀನಾ ಶೇ 0.9. ಜಪಾನ್ ಶೇ 0.4! ‘ಆಗ ನಾವು ಎಲ್ಲಿದ್ದೆವು, ಈಗ ಎಲ್ಲಿದ್ದೇವೆ’ ಎಂದು ಭಾಷಣಗಳಲ್ಲಿ ಈ ಅಂಕಿ ಆಗಾಗ ಬರುತ್ತದೆ. ಆದರೆ ಆ ವರ್ಷ ಜಪಾನು, ಜರ್ಮನಿ ಬೂದಿಯಲ್ಲಿದ್ದವು, ಚೀನಾ ಅಂತರ್ಯುದ್ಧದಲ್ಲಿತ್ತು. ಓಟಗಾರರು ಬಿದ್ದ ಓಟದಲ್ಲಿ ಬಂದ ಸ್ಥಾನವನ್ನು ಅಷ್ಟೊಂದು ನಂಬಬಾರದು.

ಹಾಗಿದ್ದರೂ ಮುಂದಿನದು ನಮ್ಮ ಕೈಯಾರೆ ಆದದ್ದೇ. 1973ರ ಹೊತ್ತಿಗೆ ಭಾರತದ ಪಾಲು ಶೇ 0.5ಕ್ಕೆ ಇಳಿಯಿತು. ನಮ್ಮ ರಫ್ತು ಕಡಿಮೆಯಾದದ್ದಲ್ಲ, ಜಗತ್ತಿನ ವ್ಯಾಪಾರ ನಮ್ಮನ್ನು ಬಿಟ್ಟು ಓಡಿತು. ಸೆಣಬು, ಚಹಾ, ಹತ್ತಿಬಟ್ಟೆ ಎಂಬ ಮೂರು ಹಳೆಯ ಸರಕುಗಳನ್ನೇ ನೆಚ್ಚಿಕೊಂಡಿದ್ದೆವು. ಸೆಣಬು ಬೆಳೆಯುವ ನೆಲದ ಬಹುಪಾಲು ವಿಭಜನೆಯಲ್ಲಿ ಪೂರ್ವ ಪಾಕಿಸ್ತಾನಕ್ಕೆ ಹೋಯಿತು, ಗೋಣಿಚೀಲದ ಜಾಗಕ್ಕೆ ಪ್ಲಾಸ್ಟಿಕ್ ಬಂತು. ದೆಹಲಿಯ ಯೋಜನಾಕಾರರಿಗೆ ಬಡದೇಶಗಳ ಸರಕಿಗೆ ಹೊರಗೆ ಬೇಡಿಕೆ ಬೆಳೆಯುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು.

ದಕ್ಷಿಣ ಕೊರಿಯಾ ಆ ನಂಬಿಕೆಗೆ ಕಿವಿಗೊಡಲಿಲ್ಲ. 1964ರಲ್ಲಿ ಅದರ ರಫ್ತು 10 ಕೋಟಿ ಡಾಲರ್ ಮುಟ್ಟಿದಾಗ ಅಧ್ಯಕ್ಷ ಪಾರ್ಕ್ ಚುಂಗ್ ಹೀ ನವೆಂಬರ್ 30ನ್ನು ‘ರಫ್ತು ದಿನ’ ಎಂದು ಘೋಷಿಸಿದರು. ಆ ವರ್ಷ ಭಾರತದ ರಫ್ತು ಅದರ ಹತ್ತು ಪಟ್ಟಿಗೂ ಹೆಚ್ಚು. 1977ಕ್ಕೆ ಕೊರಿಯಾ 1,000 ಕೋಟಿ ಡಾಲರ್ ದಾಟಿ ನಮ್ಮನ್ನು ಹಿಂದೆ ಹಾಕಿತ್ತು. ಇನ್ನೊಂದು ಕಹಿ ಸಂಗತಿ: ಏಷ್ಯಾದ ಮೊದಲ ರಫ್ತು ಸಂಸ್ಕರಣಾ ವಲಯ (ರಫ್ತಿಗೆಂದೇ ಕಾರ್ಖಾನೆಗಳನ್ನು ಕೂಡಿಸುವ ಜಾಗ) ಎನಿಸಿದ್ದು ಗುಜರಾತಿನ ಕಾಂಡ್ಲಾ, 1965ರಲ್ಲಿ. ಚೀನಾ ಶೆನ್ಜೆನ್ ವಲಯ ತೆರೆದದ್ದು ಹದಿನೈದು ವರ್ಷದ ನಂತರ. ಕಾಂಡ್ಲಾದ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಈ ಓಟಕ್ಕೆ ದಾರಿ ಹಾಕಿಕೊಟ್ಟದ್ದು ಒಂದು ಉಕ್ಕಿನ ಪೆಟ್ಟಿಗೆ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಟ್ರಕ್ ವ್ಯಾಪಾರಿ ಮಾಲ್ಕಮ್ ಮೆಕ್ಲೀನ್ 58 ಕಂಟೇನರ್‌ಗಳನ್ನು ‘ಐಡಿಯಲ್ ಎಕ್ಸ್’ ಹಡಗಿಗೆ ಹೇರಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಹಮಾಲರು ದಿನಗಟ್ಟಲೆ ಮೂಟೆ ಹೊರುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿದ ಮೇಲೆ ಸಾಗಣೆ ಅಗ್ಗವಾಯಿತು. ಒಂದೇ ವಸ್ತುವನ್ನು ಐದು ದೇಶಗಳಲ್ಲಿ ಹಂಚಿ ತಯಾರಿಸುವುದು ಲಾಭದ ಬಾಬತ್ತಾಯಿತು. 2001ರ ಡಿಸೆಂಬರಿನಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಸೇರಿದ ಚೀನಾ 2009ರಲ್ಲಿ ಜರ್ಮನಿಯನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಆಮೇಲೆ ಆ ಸ್ಥಾನ ಬಿಟ್ಟಿಲ್ಲ. 2024ರಲ್ಲಿ ಅದರ ಸರಕು ರಫ್ತು ಮೂರೂವರೆ ಲಕ್ಷ ಕೋಟಿ ಡಾಲರ್ ಮೀರಿತು.

ಚೀನಾ ಮೇಲೇರಿದ ಹೊತ್ತಿಗೇ ಪಟ್ಟಿಯ ಮೇಲಿನ ಭರವಸೆ ಕುಸಿಯಿತು. 2010ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಐಫೋನ್ 3ಜಿಯನ್ನು ಲೆಕ್ಕದಲ್ಲಿ ಬಿಚ್ಚಿ ನೋಡಿದರು. ತಯಾರಿಕೆಯ ಒಟ್ಟು ವೆಚ್ಚ ಸುಮಾರು 179 ಡಾಲರ್. ಬಿಡಿಭಾಗಗಳು ಜಪಾನ್, ಕೊರಿಯಾ, ಜರ್ಮನಿ, ಅಮೆರಿಕದವು. ಚೀನಾದ ಕಾರ್ಮಿಕರು ಅದನ್ನು ಜೋಡಿಸಿದ್ದಕ್ಕೆ ಸಿಕ್ಕಿದ್ದು 6.50 ಡಾಲರ್. ಫೋನು ಅಮೆರಿಕಕ್ಕೆ ಹೊರಟಾಗ ಕಸ್ಟಮ್ಸ್ ಪುಸ್ತಕದಲ್ಲಿ ಚೀನಾದ ರಫ್ತು ಎಂದು ದಾಖಲಾದದ್ದು ಪೂರ್ತಿ ವೆಚ್ಚ. 2013ರಲ್ಲಿ ಬಹುಪಾಲು ಸಿರಿವಂತ ದೇಶಗಳ ಕೂಟವಾದ ಒಇಸಿಡಿ ಮತ್ತು ವಿಶ್ವ ವಾಣಿಜ್ಯ ಸಂಸ್ಥೆ ಸೇರಿ ‘ಮೌಲ್ಯವರ್ಧನೆಯ ವ್ಯಾಪಾರ’ವನ್ನು ಅಳೆಯುವ ಬೇರೆಯೇ ಲೆಕ್ಕ ಹೊರತಂದವು. ಯಾವ ದೇಶದಲ್ಲಿ ಎಷ್ಟು ಮೌಲ್ಯ ಸೇರಿತು ಎಂಬುದಷ್ಟೇ ಅದರಲ್ಲಿ ಎಣಿಕೆ. ಆದರೆ ಆ ಲೆಕ್ಕ ತಯಾರಾಗುವುದಕ್ಕೆ ವರ್ಷಗಳು ಬೇಕು, ಹಾಗಾಗಿ ಸುದ್ದಿಯಾಗುವುದು ಹಳೆಯ ಪಟ್ಟಿಯೇ.

ಇದೀಗ ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆಯಾಗುತ್ತಿದೆ. 2024-25ರಲ್ಲಿ ಭಾರತದ ಸ್ಮಾರ್ಟ್‌ಫೋನ್ ರಫ್ತು 2,400 ಕೋಟಿ ಡಾಲರ್ ಆಸುಪಾಸಿಗೆ ಬಂತು. ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ, ಅದು ಸಣ್ಣದಲ್ಲ. ಆದರೆ ಫೋನಿನ ಬೆಲೆಯಲ್ಲಿ ಜೋಡಿಸಿದವರ ಪಾಲೆಷ್ಟು ಎಂದು ಚೀನಾಕ್ಕೆ ಹಾಕಿದ ಪ್ರಶ್ನೆ ನರಸಾಪುರಕ್ಕೂ ಅನ್ವಯಿಸುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದ ಕತೆಯೂ ಅದೇ ಜಾತಿಯದು: ಕಚ್ಚಾತೈಲ ಹಡಗಿನಲ್ಲಿ ಬರುತ್ತದೆ, ಸಂಸ್ಕರಿಸಿದ ಎಣ್ಣೆಯ ಒಂದು ಪಾಲು ಹಡಗಿನಲ್ಲಿ ಹೋಗುತ್ತದೆ. ರಾಜ್ಯದ ರಫ್ತಿನ ಅಂಕಿಗೆ ಸೇರುವುದು ಪೂರ್ತಿ ಬೆಲೆ.

ಇಷ್ಟೆಲ್ಲ ಹೇಳಿದ್ದು ಸರಕಿನ ವಿಷಯ. ಸೇವೆಗಳ ಪಟ್ಟಿ ಹಿಡಿದರೆ ಚಿತ್ರವೇ ಬೇರೆ. 2023ರಲ್ಲಿ ಮೊದಲ ಸ್ಥಾನ ಅಮೆರಿಕದ್ದು, ಎರಡನೆಯದು ಬ್ರಿಟನ್ನಿನದು. ಭಾರತ 34,000 ಕೋಟಿ ಡಾಲರ್‌ಗಳ ಸುತ್ತಮುತ್ತ ರಫ್ತು ಮಾಡಿ ಏಳನೇ ಸ್ಥಾನದಲ್ಲಿತ್ತು. ಸರಕಿನಲ್ಲಿ ಜಗತ್ತಿನ ಶೇ 1.8 ಪಾಲು ಪಡೆಯಲು ಹೆಣಗುವ ದೇಶಕ್ಕೆ ಸೇವೆಯಲ್ಲಿ ಶೇ 4.6. 2024-25ರ ಹಣಕಾಸು ವರ್ಷದಲ್ಲಿ ನಮ್ಮ ಸರಕು ರಫ್ತು 43,700 ಕೋಟಿ ಡಾಲರ್, ಸೇವೆ 38,700 ಕೋಟಿ. ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ಇದರ ಬೇರು ಬೆಂಗಳೂರಿನಲ್ಲಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ವಿನ್ಯಾಸಗಳನ್ನು ಹೊರಗೆ ಕಳಿಸಿದಾಗ ಬಂದರು, ಹಡಗು, ಕಸ್ಟಮ್ಸ್ ಶೆಡ್ಡು ಯಾವುದೂ ನಡುವೆ ಬರಲಿಲ್ಲ. ಹಾಗಾದರೆ ಎಣಿಸುವುದು ಹೇಗೆ? ಸರಕಿಗಾದರೆ ಶಿಪ್ಪಿಂಗ್ ಬಿಲ್ ಇರುತ್ತದೆ, ತೂಕ ಇರುತ್ತದೆ, ತೆರೆದು ನೋಡಬಹುದು. ಸಾಫ್ಟ್‌ವೇರಿಗೆ ‘ಸಾಫ್ಟೆಕ್ಸ್’ ಎಂಬ ನಮೂನೆ ಇದೆ. ಕಂಪನಿ ತನ್ನ ಇನ್‌ವಾಯ್ಸ್‌ಗಳನ್ನು ಅದರಲ್ಲಿ ತೋರಿಸುತ್ತದೆ, 1991ರಲ್ಲಿ ಶುರುವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯೋ ವಿಶೇಷ ಆರ್ಥಿಕ ವಲಯದ ಅಧಿಕಾರಿಯೋ ಮುದ್ರೆ ಒತ್ತುತ್ತಾರೆ, ಬ್ಯಾಂಕಿಗೆ ಡಾಲರ್ ಬರುತ್ತದೆ. ದೇಶದ ಹೆಮ್ಮೆಯ ರಫ್ತಿಗೆ ಸಾಕ್ಷಿ ಅಷ್ಟೇ ಕಾಗದ.

ಸೇವೆಯ ಲೆಕ್ಕದ ನಿಯಮಗಳು ಕೆಲವೊಮ್ಮೆ ನಗು ತರಿಸುತ್ತವೆ. ಹಂಪಿಗೆ ಬಂದ ಫ್ರೆಂಚ್ ಪ್ರವಾಸಿ ಹೊಸಪೇಟೆಯಲ್ಲಿ ತಿಂದ ಮಸಾಲೆ ದೋಸೆ ಭಾರತದ ರಫ್ತು. ಹಾಸನದ ಹುಡುಗಿ ಮ್ಯಾಂಚೆಸ್ಟರಿಗೆ ಓದಲು ಹೋದರೆ ಅವಳ ಫೀಸು, ಕೋಣೆಯ ಬಾಡಿಗೆ, ದಿನಸಿ ಎಲ್ಲವೂ ಬ್ರಿಟನ್ನಿನ ರಫ್ತು. ಆದರೆ ಉಡುಪಿಯವರೊಬ್ಬರು ದುಬೈನಲ್ಲಿ ವರ್ಷಗಟ್ಟಲೆ ದುಡಿದು ಮನೆಗೆ ಕಳಿಸುವ ಹಣ ರಫ್ತಿನ ಪಟ್ಟಿಗೆ ಬರುವುದಿಲ್ಲ. ವರ್ಷ ಮೀರಿ ನೆಲೆಸಿದರೆ ಅವರು ಲೆಕ್ಕದಲ್ಲಿ ದುಬೈ ನಿವಾಸಿ, ಹಣ ಕೇವಲ ರವಾನೆ. 2024ರಲ್ಲಿ ಭಾರತಕ್ಕೆ ಹೀಗೆ ಬಂದದ್ದು 12,000 ಕೋಟಿ ಡಾಲರ್‌ಗೂ ಹೆಚ್ಚು, ಜಗತ್ತಿನಲ್ಲೇ ಅತಿ ಹೆಚ್ಚು.

ಐರ್ಲೆಂಡಿನದು ಈ ಎಲ್ಲ ವಿಚಿತ್ರಗಳ ತುತ್ತತುದಿ. ಅಮೆರಿಕದ ತಂತ್ರಜ್ಞಾನ ಮತ್ತು ಔಷಧ ಕಂಪನಿಗಳು ಕಡಿಮೆ ತೆರಿಗೆಗಾಗಿ ಪೇಟೆಂಟು, ಹಕ್ಕುಸ್ವಾಮ್ಯಗಳನ್ನು ಅಲ್ಲಿನ ಅಂಗಸಂಸ್ಥೆಗಳ ಹೆಸರಿಗೆ ಬರೆದವು, ಅವುಗಳ ಗಳಿಕೆ ಐರ್ಲೆಂಡಿನ ಲೆಕ್ಕಕ್ಕೆ ಸೇರಿತು. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ 26ರಷ್ಟು ಬೆಳೆಯಿತೆಂದು ಮೊದಲ ಅಂದಾಜು ಬಂದಾಗ ಅರ್ಥಶಾಸ್ತ್ರಜ್ಞರೇ ತಲೆ ಚಚ್ಚಿಕೊಂಡರು. ಐವತ್ತು ಲಕ್ಷ ಚಿಲ್ಲರೆ ಜನರ ಆ ದೇಶ ಸೇವಾ ರಫ್ತಿನಲ್ಲಿ ಭಾರತಕ್ಕಿಂತ ಮುಂದಿದೆ.

ಯಾವುದನ್ನು ಎಣಿಸಬೇಕು ಎಂಬುದು ಪಂಡಿತರ ಜಗಳವಾಗಿ ಉಳಿದಿಲ್ಲ. 2025ರ ಏಪ್ರಿಲ್ 2ರಂದು ಡೊನಾಲ್ಡ್ ಟ್ರಂಪ್ ದೇಶದೇಶಗಳ ಮೇಲೆ ಘೋಷಿಸಿದ ಸುಂಕದ ಸೂತ್ರ ಹೀಗಿತ್ತು: ಆ ದೇಶದ ಜೊತೆ ಅಮೆರಿಕಕ್ಕಿರುವ ಸರಕು ವ್ಯಾಪಾರದ ಕೊರತೆಯನ್ನು, ಅಲ್ಲಿಂದ ಆಮದಾದ ಸರಕಿನ ಮೌಲ್ಯದಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ. ಅಮೆರಿಕಕ್ಕೆ ಜೀನ್ಸ್, ವಜ್ರ ಮಾರುವ ಪುಟ್ಟ ಬಡದೇಶ ಲೆಸೊಥೊಗೆ ಶೇ 50 ಬಿತ್ತು. ಸೇವೆಗಳು ಸೂತ್ರದಲ್ಲೇ ಇರಲಿಲ್ಲ. ಸೇವಾ ವ್ಯಾಪಾರದಲ್ಲಿ ಅಮೆರಿಕಕ್ಕೆ ವರ್ಷಕ್ಕೆ ಸುಮಾರು 30,000 ಕೋಟಿ ಡಾಲರ್ ಮಿಗುತೆ ಇದೆ. ಅದನ್ನು ಸೇರಿಸಿದ್ದರೆ ಹಲವು ದೇಶಗಳ ಸುಂಕ ಇಳಿಯಬೇಕಾಗುತ್ತಿತ್ತು.

ಆಗಸ್ಟ್ ಕೊನೆಗೆ ಭಾರತದ ಮೇಲಿನ ಸುಂಕ ಶೇ 50ಕ್ಕೆ ಏರಿದಾಗ ಪೆಟ್ಟು ತಿಂದದ್ದು ತಿರುಪ್ಪೂರಿನ ಬನಿಯನ್ನು, ಆಂಧ್ರದ ಸಿಗಡಿ, ಸೂರತ್ತಿನ ವಜ್ರ. ಸ್ಮಾರ್ಟ್‌ಫೋನಿಗೆ, ಔಷಧಕ್ಕೆ ವಿನಾಯಿತಿ ಇತ್ತು. ಬೆಂಗಳೂರಿನಿಂದ ಇಮೇಲಿನಲ್ಲಿ ಹೋಗುವ ಇನ್‌ವಾಯ್ಸ್‌ಗೆ ಸುಂಕ ಹಾಕಲು ಕಸ್ಟಮ್ಸ್ ಕಟ್ಟೆಯೇ ಇರಲಿಲ್ಲ. ಮರು ತಿಂಗಳೇ ಅಮೆರಿಕದ ಸೆನೆಟ್‌ನಲ್ಲಿ ಒಂದು ಮಸೂದೆ ಮಂಡನೆಯಾಯಿತು: ಹೊರಗುತ್ತಿಗೆಗಾಗಿ ಅಲ್ಲಿನ ಕಂಪನಿಗಳು ವಿದೇಶಕ್ಕೆ ಕೊಡುವ ಹಣದ ಮೇಲೆ ಶೇ 25 ತೆರಿಗೆ. ಹಡಗುಕಟ್ಟೆಯಲ್ಲಿ ಹಿಡಿಯಲಾಗದ ರಫ್ತನ್ನು ಕೊಳ್ಳುವವರ ಲೆಕ್ಕಪುಸ್ತಕದಲ್ಲೇ ಹಿಡಿಯುವ ಯೋಚನೆ ಅದರದು.