ಮರಳಿನ ಸುದ್ದಿ ಬರೆದೆ, ಬೆದರಿಕೆ ಬಂತು. ನನ್ನ ರಕ್ಷಣೆಗೆ ಕಾನೂನು ಇದೆಯಾ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯಲ್ಲಿ ಅರೆಕಾಲಿಕ ವರದಿಗಾರ. ಭೀಮಾ ನದಿಯ ಅಕ್ರಮ ಮರಳಿನ ಬಗ್ಗೆ ಬರೆದ ಮೇಲೆ ಫೋನಿನಲ್ಲಿ ಬೆದರಿಕೆ ಬರುತ್ತಿದೆ. ಪತ್ರಕರ್ತರನ್ನು ಕಾಯುವ ಕಾನೂನು ದೇಶದಲ್ಲಿ ಇದೆಯೇ?

ಉತ್ತರ: ಪತ್ರಕರ್ತರ ರಕ್ಷಣೆಗೆಂದೇ ಇಡೀ ದೇಶಕ್ಕೆ ಮಾಡಿದ ಕಾನೂನು ಇಲ್ಲ. ಹಾಗಂತ ನಿಮಗೆ ದಾರಿಯೇ ಇಲ್ಲ ಎಂದಲ್ಲ.

ಮೊದಲು ಈ ಬೆದರಿಕೆಯನ್ನು ಹಗುರವಾಗಿ ತಗೋಬೇಡಿ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಅದೇ ಟ್ರ್ಯಾಕ್ಟರ್ ಹರಿದು ಸತ್ತರು. ಖಾಕಿ ಹಾಕಿದವರಿಗೇ ಹೀಗಾದರೆ, ಬೈಕಿನಲ್ಲಿ ಒಬ್ಬರೇ ತಿರುಗುವ ನಿಮ್ಮ ಗತಿ ಏನು? ನಿಮ್ಮ ಮನೆ ಯಾವ ಓಣಿಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು.

ಕರೆ ಬಂದ ನಂಬರ್, ದಿನ, ಹೊತ್ತು ಬರೆದಿಡಿ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ದೂರನ್ನು ಬರೆದೇ ಕೊಡಿ, ಸ್ವೀಕೃತಿ ಇಸಿದುಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಜೀವ ಬೆದರಿಕೆಗೆ 7 ವರ್ಷದವರೆಗೆ ಜೈಲು. ಹೆಸರು ಮರೆಮಾಚಿ ಬೆದರಿಸಿದರೆ ಅದರ ಮೇಲೆ ಇನ್ನೂ 2 ವರ್ಷದವರೆಗೆ.

ಇಲ್ಲೊಂದು ತೊಡಕಿದೆ. ಬರೀ ಬೆದರಿಕೆಯ ದೂರು ಎನ್‌ಸಿ ಆಗುತ್ತದೆ, ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. 'ಎನ್‌ಸಿ ಮಾಡೀವಿ, ಹೋಗ್ರಿ' ಎಂದು ಕಳಿಸಿಬಿಡಬಹುದು. ಹಾಗಾಗಿ ದಾರಿಯಲ್ಲಿ ಅಡ್ಡಗಟ್ಟಿದ್ದು, ಮನೆಗೆ ನುಗ್ಗಿದ್ದು, ಫೋನ್ ಕಿತ್ತುಕೊಂಡಿದ್ದು ಏನಾದರೂ ನಡೆದಿದ್ದರೆ ಒಂದೊಂದನ್ನೂ ದೂರಿನಲ್ಲಿ ಬರೆಯಿರಿ. ಅವಕ್ಕೆ ಎಫ್‌ಐಆರ್ ಮಾಡಲೇಬೇಕು. ನಡೆಯದ್ದನ್ನು ಮಾತ್ರ ಸೇರಿಸಬೇಡಿ. ಠಾಣೆಯಲ್ಲಿ ಎಫ್‌ಐಆರ್ ಮಾಡಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಇನ್ನು ದೇಶದ ಮಟ್ಟದ ಮಾತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಮರು ತಿಂಗಳ 20ಕ್ಕೆ ಕೇಂದ್ರ ಗೃಹ ಸಚಿವಾಲಯ ಪತ್ರಕರ್ತರ ಸುರಕ್ಷತೆ ಬಗ್ಗೆ ರಾಜ್ಯಗಳಿಗೆ ಸಲಹೆ ಕಳಿಸಿತು. ಪೊಲೀಸ್ ರಾಜ್ಯದ ವಿಷಯ, ಹಾಗಾಗಿ ಅದು ಸಲಹೆಯಾಗಿಯೇ ಉಳಿಯಿತು. 1978ರ ಕಾಯ್ದೆಯ ಭಾರತೀಯ ಪತ್ರಿಕಾ ಮಂಡಳಿಗೂ ನೀವು ಬರೆಯಬಹುದು. ಪತ್ರಕರ್ತರ ಮೇಲಿನ ದಾಳಿ ಬಗ್ಗೆ ಅದು ಸರ್ಕಾರದಿಂದ ವಿವರಣೆ ಕೇಳುತ್ತದೆ. ಆದರೆ ಯಾರಿಗೂ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಟಿವಿ, ಯೂಟ್ಯೂಬ್ ಅದರ ಕೆಳಗೆ ಬರುವುದಿಲ್ಲ.

ನಮಗೆ ತೀರಾ ಹತ್ತಿರದ ಉದಾಹರಣೆ ಮಹಾರಾಷ್ಟ್ರ. ಬಸವಕಲ್ಯಾಣ ದಾಟಿ ಉಮರ್ಗಾಕ್ಕೆ ಹೋದರೆ ಅಲ್ಲಿನ ಪತ್ರಕರ್ತರಿಗೆ 2017ರಲ್ಲಿ ಪಾಸಾದ ಪ್ರತ್ಯೇಕ ಕಾಯ್ದೆ ಇದೆ. ಕೆಲಸದ ಮೇಲಿದ್ದ ಪತ್ರಕರ್ತರ ಮೇಲೆ ಕೈ ಮಾಡಿದರೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಗಡಿಯ ಈಚೆ ನಮಗೆ ಅದಿಲ್ಲ. ನಮ್ಮಲ್ಲೂ ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಆ ಕಾಯ್ದೆ ಪ್ರಕಾರ ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿರಬೇಕು. ಕಿರಾಣಿ ಅಂಗಡಿ ನಡೆಸುತ್ತಾ, ತೊಗರಿ ಬೆಳೆಯುತ್ತಾ ಸುದ್ದಿ ಕಳಿಸುವ ನಮ್ಮ ತಾಲೂಕು ವರದಿಗಾರರು ಅದರಲ್ಲಿ ಎಲ್ಲಿ ಬರುತ್ತಾರೆ? ಜಾಸ್ತಿ ಅಪಾಯ ಇರುವುದು ಅವರಿಗೇ ಅಲ್ವಾ? ಛತ್ತೀಸ್‌ಗಢ ವಿಧಾನಸಭೆಯೂ 2023ರಲ್ಲಿ ರಕ್ಷಣಾ ಮಸೂದೆ ಪಾಸು ಮಾಡಿತು. 2025ರ ಜನವರಿಯಲ್ಲಿ ಅದೇ ರಾಜ್ಯದಲ್ಲಿ, ಕಳಪೆ ರಸ್ತೆಯ ಸುದ್ದಿ ಮಾಡಿದ್ದ ಮುಕೇಶ್ ಚಂದ್ರಾಕರ್ ಅವರ ಶವ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಅವರೂ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದವರು.

ಅದಕ್ಕೇ ಒಂದು ಕೆಲಸ ಮಾಡಿ. 'ಇವರು ನಮ್ಮ ವರದಿಗಾರರು' ಎಂದು ನಿಮ್ಮ ಪತ್ರಿಕೆಯಿಂದ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಡದೆ ಕೇಳಿ. ಠಾಣೆಗೆ ಒಬ್ಬರೇ ಹೋಗಬೇಡಿ, ಪತ್ರಕರ್ತರ ಸಂಘದವರನ್ನು ಜೊತೆಗೆ ಕರೆದುಕೊಳ್ಳಿ. ದೂರಿನ ಒಂದು ಪ್ರತಿ ಸಂಪಾದಕರ ಹತ್ತಿರ, ಇನ್ನೊಂದು ಮನೆಯವರ ಹತ್ತಿರ ಇರಲಿ. ನದಿ ಕಡೆ ಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಇಬ್ಬರಿಗೂ ಹೇಳಿ ಹೊರಡಿ.