ಹಳದಿ ಚೌಕ ಸರ್ಕಾರದ್ದು ಸರಿ, ಹೋಗುವ ದಾರಿ ಯಾರದ್ದು?

ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಕಾಲ ಹತ್ತಿರವಾಯಿತೆಂದರೆ ಡೆನ್ವರ್, ಸಿಯಾಟಲ್, ಡಲ್ಲಾಸ್ ಕಡೆಯ ಕನ್ನಡಿಗರು ಕೇಳುವುದು ಒಂದೇ ಪ್ರಶ್ನೆ: “ಸಾರ್, ನಕ್ಷೆ ಆ್ಯಪ್‌ನಲ್ಲಿ ಹಳದಿ ತೋರಿಸ್ತಿದೆ, ಸರ್ಕಾರಿ ಜಾಗ. ಒಳಗೆ ಹೋಗಬಹುದು ತಾನೇ?” ಜಾಗ ಸರ್ಕಾರದ್ದೇ. ಅಲ್ಲಿಗೆ ಹೇಗೆ ತಲುಪುತ್ತೀರಿ ಎಂದರೆ ಉತ್ತರವಿಲ್ಲ. ಪಹಣಿಯಲ್ಲಿ ಹೆಸರಿದ್ದೂ ಬಂಡಿದಾರಿ ಇಲ್ಲದೆ ತಾಲ್ಲೂಕು ಕಚೇರಿ ಅಲೆದವರ ಮಕ್ಕಳು ಇವರು! ಹೊಲ ಬೇರೆ, ಹೊಲಕ್ಕೆ ಹೋಗುವ ದಾರಿ ಬೇರೆ ಎಂದು ಇವರಿಗೂ ಹೇಳಿಕೊಡಬೇಕೆ?

ಬಂದೂಕು ಝೀರೋ ಮಾಡುವುದು (ಗುರಿ ಸರಿಹೊಂದಿಸುವುದು), ಮಾಂಸ ಕೆಡದಂತೆ ಇಳಿಸುವುದು ಇವೆಲ್ಲ ಹಂಟರ್ ಎಜುಕೇಶನ್ ತರಗತಿಯಲ್ಲಿ ಆಗಿರುತ್ತದೆ. ನಾನು ಇಲ್ಲಿ ಬಿಡಿಸಿ ಹೇಳುವುದು ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ದಾಟುವ ಮೂಲೆಯ ವಿಷಯವನ್ನು.

1862ರ ರೈಲ್ವೆ ಕಾಯ್ದೆಯಿಂದ ಇದು ಶುರು. ಹಳಿ ಹಾಕಿದ ಕಂಪನಿಗೆ ಹಳಿಯ ಎರಡೂ ಬದಿ ಒಂದು ಬಿಟ್ಟು ಒಂದು ಸೆಕ್ಷನ್ ಭೂಮಿ ಕೊಟ್ಟರು. ಒಂದು ಸೆಕ್ಷನ್ ಎಂದರೆ ಮೈಲಿ ಉದ್ದ, ಮೈಲಿ ಅಗಲ, 640 ಎಕರೆ. ಬೆಸ ಸಂಖ್ಯೆಯವು ಕಂಪನಿಗೆ, ಸಮ ಸಂಖ್ಯೆಯವು ಸರ್ಕಾರಕ್ಕೆ. ಕಂಪನಿಯ ಚೌಕಗಳು ಕೈಬದಲಾಗುತ್ತ ಹಲವು ಕಡೆ ರಾಂಚ್ ಮಾಲೀಕರ ಪಾಲಾದವು. ಹಾಗಾಗಿ ದಕ್ಷಿಣ ವಯೋಮಿಂಗ್‌ನ ನಕ್ಷೆ ಇವತ್ತಿಗೂ ಚದುರಂಗದ ಹಾಸು. ಸರ್ಕಾರಿ ಚೌಕಗಳು ಒಂದಕ್ಕೊಂದು ತಾಗುವುದು ಮೂಲೆಯಲ್ಲಿ ಮಾತ್ರ. ಪಶ್ಚಿಮ ರಾಜ್ಯಗಳಲ್ಲಿ ಹೀಗೆ ಮೂಲೆಯಿಂದ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಸರ್ಕಾರಿ ಭೂಮಿ ಸುಮಾರು 83 ಲಕ್ಷ ಎಕರೆ ಎಂದು ನಕ್ಷೆ ಆ್ಯಪ್ ಕಂಪನಿ ಆನ್‌ಎಕ್ಸ್ 2022ರಲ್ಲಿ ಲೆಕ್ಕ ಹಾಕಿತ್ತು.

ಮಿಸೌರಿಯಿಂದ ಬಂದ ಬೇಟೆಗಾರರು ವಯೋಮಿಂಗ್‌ನ ಎಲ್ಕ್ ಮೌಂಟನ್‌ನಲ್ಲಿ ಅಂಥ ಮೂಲೆಗಳನ್ನು ದಾಟಿದರು. 2021ರಲ್ಲಂತೂ ಏಣಿಯನ್ನೇ ಹೊತ್ತು ತಂದಿದ್ದರು. ಈ ಕಡೆ ಸರ್ಕಾರಿ ನೆಲದಲ್ಲಿ ಹತ್ತಿ ಆ ಕಡೆ ಸರ್ಕಾರಿ ನೆಲದಲ್ಲಿ ಇಳಿದರು. ಅತಿಕ್ರಮಣದ ಕ್ರಿಮಿನಲ್ ಮೊಕದ್ದಮೆಯಲ್ಲಿ 2022ರಲ್ಲಿ ಜ್ಯೂರಿ ಅವರನ್ನು ಬಿಟ್ಟಿತು. ಜಾಗದ ಬೆಲೆ ಬಿತ್ತೆಂದು ಪಕ್ಕದ ಖಾಸಗಿ ಚೌಕಗಳ ಮಾಲೀಕರು 70 ಲಕ್ಷ ಡಾಲರಿಗೂ ಮೀರಿ ಕೇಳಿದ ಸಿವಿಲ್ ದಾವೆಯೂ ನಿಲ್ಲಲಿಲ್ಲ. 10ನೇ ಸರ್ಕ್ಯೂಟ್ (ಕೆಲವು ರಾಜ್ಯಗಳು ಸೇರಿದ ಫೆಡರಲ್ ನ್ಯಾಯಾಂಗ ವಲಯ) ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಸರ್ಕಾರಿ ಭೂಮಿಗೆ ಹೋಗದಂತೆ ಅಡ್ಡಗಟ್ಟುವುದನ್ನು ನಿಷೇಧಿಸುವ 1885ರ ಬೇಲಿ ಕಾಯ್ದೆಯ ಆಧಾರದ ಮೇಲೆ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಈ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುವ ಹೊತ್ತಿಗೆ “ಮೂಲೆ ದಾಟುವುದು ಅಮೆರಿಕದಲ್ಲೆಲ್ಲ ಕಾನೂನುಬದ್ಧ” ಎಂದಾಗಿತ್ತು. ಸ್ವಲ್ಪ ತಡೆಯಿರಿ. ಆ ತೀರ್ಪು ನಡೆಯುವುದು 10ನೇ ಸರ್ಕ್ಯೂಟಿನ ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್, ಓಕ್ಲಹೋಮಾಗಳಲ್ಲಿ. ಸಿಯಾಟಲ್‌ನಿಂದ ಐಡಹೊ, ಮೊಂಟಾನಾಕ್ಕೆ ಹೋಗುವವರೇ, ನೀವಿರುವುದು 9ನೇ ಸರ್ಕ್ಯೂಟಿನಲ್ಲಿ. ತೀರ್ಪು ಬಂದ ಮೇಲೂ ಮೂಲೆ ದಾಟುವುದು ಕಾನೂನುಬಾಹಿರವೇ ಎಂದು ಮೊಂಟಾನಾದ ವನ್ಯಜೀವಿ ಇಲಾಖೆ ಹೇಳಿದೆ.

ಇನ್ನೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ತೀರ್ಪು ರಕ್ಷಿಸುವುದು ಖಾಸಗಿ ನೆಲ ಮುಟ್ಟದೆ ಮೂಲೆಯಿಂದ ಮೂಲೆಗೆ ದಾಟಿದವರನ್ನು. ಮೂಲೆ ಎಂದರೆ ಒಂದು ಬಿಂದು. ನಿಮ್ಮ ಫೋನಿನ ಜಿಪಿಎಸ್ ಬಟ್ಟ ಬಯಲಿನಲ್ಲೂ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಕಣಿವೆಯಲ್ಲಿ, ಮರಗಳ ನಡುವೆ ಇನ್ನೂ ಹೆಚ್ಚು. ಪರದೆಯ ನೀಲಿ ಚುಕ್ಕೆ ಸರಿಯಾಗಿ ಮೂಲೆಯ ಮೇಲೆ ಕೂತಿರುವಾಗ ನಿಮ್ಮ ಎರಡೂ ಕಾಲು ಖಾಸಗಿ ಜಮೀನಿನಲ್ಲಿರಬಹುದು. ಬೇಲಿಯನ್ನೂ ನಂಬಬೇಡಿ, ದನ ತಡೆಯಲು ಅನುಕೂಲವಿದ್ದ ಕಡೆ ಹಾಕಿದ ಬೇಲಿ ಎಷ್ಟೋ ಸಲ ಗಡಿಯ ಮೇಲೆ ಇರುವುದಿಲ್ಲ.

ನೋಡಬೇಕಾದದ್ದು ಸರ್ವೆಯವರ ಬಾಂದುಕಲ್ಲು. ಇಲ್ಲಿ ಅದು ಸಾಮಾನ್ಯವಾಗಿ ನೆಲಕ್ಕೆ ಹೂತ ಕಬ್ಬಿಣದ ಕೊಳವೆ, ತಲೆಯ ಮೇಲೆ ಹಿತ್ತಾಳೆಯ ದುಂಡು ಮುಚ್ಚಳ. ಹಳೆಯ ಸರ್ವೆಯಾದರೆ ಗೀಟು ಕೊರೆದ ಬರೀ ಕಲ್ಲು. ಮುಚ್ಚಳದ ಮೇಲೆ ಟೌನ್‌ಶಿಪ್, ರೇಂಜ್ (ಸರ್ವೆ ನಕ್ಷೆಯ ಅಡ್ಡ, ಉದ್ದ ಸಾಲುಗಳು), ಸೆಕ್ಷನ್ ಸಂಖ್ಯೆ ಕೆತ್ತಿರುತ್ತಾರೆ. ನಾಲ್ಕು ಸೆಕ್ಷನ್ ಸಂಖ್ಯೆ ಇದ್ದರೆ ನೀವು ಸರಿಯಾದ ಮೂಲೆಯಲ್ಲಿದ್ದೀರಿ. ವಾಯವ್ಯಕ್ಕೆ 14, ಈಶಾನ್ಯಕ್ಕೆ 13, ನೈಋತ್ಯಕ್ಕೆ 23, ಆಗ್ನೇಯಕ್ಕೆ 24 ಎಂದಿಟ್ಟುಕೊಳ್ಳಿ. ಚದುರಂಗದ ಹಾಸಿನಲ್ಲಿ 14 ಮತ್ತು 24 ಸರ್ಕಾರದವು. ದಾಟುವುದು ಅವೆರಡರ ನಡುವೆ, ಕರ್ಣರೇಖೆಯಲ್ಲಿ. ಮುಚ್ಚಳದ ಮೇಲೆ ‘1/4’ ಎಂದಿದ್ದು ಎರಡೇ ಸೆಕ್ಷನ್ ಸಂಖ್ಯೆ ಇದ್ದರೆ ಅದು ಅರ್ಧ ಮೈಲಿಯ ಗುರುತು. ಅಲ್ಲಿ ದಾಟುವ ಮೂಲೆಯೇ ಇಲ್ಲ, ಅಲ್ಲಿಂದ ಮುಂದಿಟ್ಟ ಹೆಜ್ಜೆ ನೇರ ಅತಿಕ್ರಮಣ. ಹುಡುಕಿದರೂ ಗುರುತು ಸಿಗದಿದ್ದರೆ ಆ ಮೂಲೆಯನ್ನು ಬಿಟ್ಟುಬಿಡಿ, ಅಂದಾಜಿನ ಮೇಲೆ ದಾಟಬೇಡಿ. ಸಿಕ್ಕರೆ ಅಕ್ಷರ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಅದನ್ನು ಅಲುಗಾಡಿಸಲು ಹೋಗಬೇಡಿ, ಸರ್ಕಾರಿ ಸರ್ವೆ ಗುರುತು ಕೆಡಿಸುವುದು ಫೆಡರಲ್ ಅಪರಾಧ.

ಬಣ್ಣಗಳ ಬಗ್ಗೆಯೂ ಒಂದು ಮಾತು. ಹಳದಿ ಎಂದರೆ ಫೆಡರಲ್ ಭೂ ನಿರ್ವಹಣಾ ಇಲಾಖೆಯಾದ ಬಿಎಲ್‌ಎಂ, ಹಸಿರು ಎಂದರೆ ಅರಣ್ಯ ಇಲಾಖೆ. ಎಡವುವುದು ನೀಲಿಯಲ್ಲಿ, ಅಂದರೆ ಶಾಲೆ ಮುಂತಾದವುಗಳ ಆದಾಯಕ್ಕೆಂದು ಇಟ್ಟ ರಾಜ್ಯದ ಟ್ರಸ್ಟ್ ಭೂಮಿಯಲ್ಲಿ. ವಯೋಮಿಂಗ್‌ನಲ್ಲಿ ಸಾರ್ವಜನಿಕ ದಾರಿಯಿರುವ ನೀಲಿ ಚೌಕದಲ್ಲಿ ಬೇಟೆಯಾಡಬಹುದು, ಆದರೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕೊಲೊರಾಡೊದಲ್ಲಿ ಅದೇ ನೀಲಿ ಮುಚ್ಚಿದ ಬಾಗಿಲು; ವನ್ಯಜೀವಿ ಇಲಾಖೆಯ ಪ್ರವೇಶ ಯೋಜನೆಗೆ ಸೇರಿದ ಜಾಗಗಳು ಮಾತ್ರ ತೆರೆದಿರುತ್ತವೆ. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆಯೂ ಅಲ್ಲ. ಕೌಂಟಿ ರಸ್ತೆ ವಿಭಾಗಕ್ಕೋ ಬಿಎಲ್‌ಎಂ ಕಚೇರಿಗೋ ಒಂದು ಫೋನ್ ಮಾಡಿ ಕೇಳಲು ಯಾಕೆ ಇಷ್ಟು ಸೋಮಾರಿತನವೋ! ಇನ್ನು ವಯೋಮಿಂಗ್‌ನ ಫೆಡರಲ್ ವೈಲ್ಡರ್‌ನೆಸ್ ಎಂಬ ಕಾಯ್ದಿಟ್ಟ ಕಾಡುಪ್ರದೇಶದಲ್ಲಿ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಗೆ ಹೋಗಬೇಕಾದರೆ ಗೈಡ್ ಇಲ್ಲವೇ ಪರ್ಮಿಟ್ ಪಡೆದ ಸ್ಥಳೀಯರು ಜೊತೆಗಿರಬೇಕು.

ಮೂಲೆಗಳ ಮೇಲೆ ಎಲ್ಲರ ಕಣ್ಣು ಬೀಳಲು ಕಾರಣ ಜನದಟ್ಟಣೆ. ಅಂಗಡಿಗೆ ಹೋಗಿ ಕೊಳ್ಳಬಹುದಾಗಿದ್ದ ಕೊಲೊರಾಡೊದ ಬಿಲ್ಲುಬೇಟೆಯ ಎಲ್ಕ್ ಟ್ಯಾಗ್ (ಬೇಟೆ ಪರವಾನಗಿ ಚೀಟಿ), ಐ-25 ಹೆದ್ದಾರಿಯ ಪಶ್ಚಿಮಕ್ಕೆ ಹೊರರಾಜ್ಯದವರಿಗೆ 2025ರಿಂದ ಲಾಟರಿಯಲ್ಲಿ ಸಿಗುತ್ತದೆ. ಮೊದಲ ದಿನ ರಸ್ತೆಯ ತುಂಬ ಪಿಕಪ್‌ಗಳು ನಿಂತರೆ ಎಲ್ಕ್ ಹಿಂಡು ಬೇಲಿ ಹಾರಿ ಯಾರೂ ಗುಂಡು ಹಾರಿಸದ ಖಾಸಗಿ ರಾಂಚಿಗೆ ಸರಿಯುತ್ತದೆ. ಮೊಂಟಾನಾದಲ್ಲಾದರೆ ಮೂಲೆಯ ತಂಟೆಗಿಂತ ಖಾಸಗಿ ಜಮೀನನ್ನು ಬೇಟೆಗಾರರಿಗೆ ತೆರೆದುಕೊಡುವ ಬ್ಲಾಕ್ ಮ್ಯಾನೇಜ್‌ಮೆಂಟ್ ಯೋಜನೆಯ ಜಮೀನು ಹುಡುಕುವುದು ವಾಸಿ. ಕೆಲವು ಕಡೆ ಪೆಟ್ಟಿಗೆಯಲ್ಲಿರುವ ಚೀಟಿ ತುಂಬಿದರೆ ಸಾಕು, ಕೆಲವು ಕಡೆ ಮೊದಲೇ ಅನುಮತಿ ಕೇಳಬೇಕು.

ಎಚ್-1ಬಿ ವೀಸಾದವರಿಗೆ ಪ್ರತ್ಯೇಕ ಎಚ್ಚರಿಕೆ. ಫೆಡರಲ್ ಕಾನೂನಿನ ಪ್ರಕಾರ ನೀವು ಸಾಮಾನ್ಯವಾಗಿ ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಪರವಾನಗಿಯ ಅವಧಿ ಮುಗಿದ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ. ಗೆಳೆಯರ ಮಾತು ಬಿಡಿ, ವಲಸೆ ವಕೀಲರನ್ನು ಕೇಳಿ.

ಗುಂಡು ತಗುಲಿದ ಎಲ್ಕ್ ಗಡಿ ದಾಟಿ ಖಾಸಗಿ ಜಮೀನಿನಲ್ಲಿ ಬಿದ್ದರೆ ಹಿಂದೆ ಓಡಬೇಡಿ. ಗುಂಡು ಹಾರಿಸಿದ ಜಾಗ, ಕೊನೆಯ ರಕ್ತದ ಕಲೆ ಎರಡನ್ನೂ ಗುರುತು ಹಾಕಿಕೊಳ್ಳಿ. ಮಾಲೀಕರಿಗೆ ಫೋನ್ ಮಾಡಿ ಅನುಮತಿ ಕೇಳಿ. ಅವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ವನ್ಯಜೀವಿ ಇಲಾಖೆಯ ಅಧಿಕಾರಿಯಾದ ಗೇಮ್ ವಾರ್ಡನ್‌ಗೆ ತಿಳಿಸಿ. ಆ ಎರಡೂ ನಂಬರನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ, ಬೆಟ್ಟದ ಮೇಲೆ ಇಂಟರ್‌ನೆಟ್ ಸಿಗುವ ಭರವಸೆ ಇಲ್ಲ.