ಪಿಟಿ: ಗಾಚಾ ಆಟದ ಕನಿಕರ ಮತ್ತು ಅದರ ಬೆಲೆ

“ನನ್ನ ಪಿಟಿ ಈಗ 62.” “ಪಿಟಿ ಮುಟ್ಟೋ ಮೊದಲೇ ಬಂತು ಕಣೋ.” “ಈ ಬ್ಯಾನರ್‌ಗೆ ಕೈ ಹಾಕಲ್ಲ, ಪಿಟಿ ಮುಂದಿನದಕ್ಕೆ ಇರಲಿ.” ಅದೃಷ್ಟದ ಮೇಲೆ ಪಾತ್ರ, ಆಯುಧ ಸಿಗುವ ಗೆನ್ಶಿನ್ ಇಂಪ್ಯಾಕ್ಟ್‌ನಂಥ ‘ಗಾಚಾ’ ಆಟಗಳನ್ನು ಆಡುವವರ ನಡುವೆ ಕೂತರೆ ಇಂಥ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಪಿಟಿ ಎಂದರೆ ಕನಿಕರ, ಮರುಕ. ಆಟದ ಭಾಷೆಯಲ್ಲಿ ಅದೊಂದು ನಿಯಮದ ಹೆಸರು: ಇಷ್ಟು ಸಲ ಅದೃಷ್ಟ ಪರೀಕ್ಷಿಸಿದರೂ ಅಪರೂಪದ ವಸ್ತು ಸಿಗದಿದ್ದರೆ, ಮುಂದಿನ ಸಲ ಖಂಡಿತ ಕೊಡಲೇಬೇಕು. ಆ ಎಣಿಕೆ ಎಲ್ಲಿಗೆ ಬಂದಿದೆ ಎಂಬುದಕ್ಕೂ ಅದೇ ಹೆಸರು.

ಇದೇ ನಿಯಮವನ್ನು ಜಪಾನಿನವರು ‘ತೆನ್‌ಜೋ’ ಎನ್ನುತ್ತಾರೆ, ಅಂದರೆ ಚಾವಣಿ. ಅಲ್ಲಿನ ಪಚಿಸ್ಲಾಟ್ ಜೂಜುಯಂತ್ರಗಳಲ್ಲಿ ಇಷ್ಟು ಆಟ ಬೋನಸ್ ಇಲ್ಲದೆ ಕಳೆದರೆ ಯಂತ್ರ ತಾನಾಗಿ ಕೊಡುವ ಮಿತಿಗೂ ಅದೇ ಹೆಸರು. ಚೀನಿಯರು ‘ಬಾವ್‌ದಿ’ ಎನ್ನುತ್ತಾರೆ, ಅಂದರೆ ತಳದ ಖಾತ್ರಿ. ಒಬ್ಬರಿಗೆ ಚಾವಣಿ, ಇನ್ನೊಬ್ಬರಿಗೆ ತಳ. ಮೂರು ಹೆಸರಿನಲ್ಲಿ ನನಗೆ ಸರಿ ಎನಿಸುವುದು ಜಪಾನಿಯರದು. ಖರ್ಚು ಎಲ್ಲಿಯವರೆಗೆ ಏರಬಹುದು ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ‘ಕನಿಕರ’ ಎಂಬ ಹೆಸರು ಆ ಮೊತ್ತವನ್ನು ಮುಚ್ಚಿ, ಕಂಪನಿಯ ಉದಾರತೆಯಂತೆ ತೋರಿಸುತ್ತದೆ.

ಚೀಟಿ ಹಲಗೆಯಿಂದ ಗಾಚಾದವರೆಗೆ

ಗಾಚಾ ಎಂಬ ಪದ ಬಂದದ್ದು ಜಪಾನಿನ ಗಾಚಾಪೊನ್ ಯಂತ್ರದಿಂದ. ನಾಣ್ಯ ಹಾಕಿ ಹಿಡಿ ತಿರುಗಿಸಿದಾಗ ‘ಗಾಚಾ’ ಸದ್ದು, ಆಟಿಕೆಯ ಡಬ್ಬಿ ಕೆಳಗೆ ಬಿದ್ದಾಗ ‘ಪೊನ್’. ಮೊಬೈಲ್ ಆಟದಲ್ಲಿ ಒಂದು ಸಲ ಹಿಡಿ ತಿರುಗಿಸುವುದಕ್ಕೆ ‘ಪುಲ್’ ಎನ್ನುತ್ತಾರೆ. ನಿಗದಿತ ಅವಧಿಗೆ ಒಂದು ಪಾತ್ರವನ್ನು ಮುಂದಿಟ್ಟು ಮಾರುವ ಪುಟ ‘ಬ್ಯಾನರ್’.

ನಮ್ಮ ಊರುಗಳ ಸಣ್ಣ ಅಂಗಡಿಗಳಲ್ಲಿ ರಟ್ಟಿನ ಮೇಲೆ ಅಂಟಿಸಿದ ಚೀಟಿ ಹರಿಯುವ ಆಟ ನೆನಪಿದ್ದರೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ನೂರು ಚೀಟಿ, ಅದರಲ್ಲಿ ಒಂದಕ್ಕೆ ದೊಡ್ಡ ಬಹುಮಾನ. ಹರಿದ ಚೀಟಿ ಮತ್ತೆ ರಟ್ಟಿಗೆ ಹೋಗುವುದಿಲ್ಲ. ಐವತ್ತು ಹರಿದ ಮೇಲೂ ಬಹುಮಾನ ಉಳಿದಿದ್ದರೆ ಸಾಧ್ಯತೆ ಐವತ್ತರಲ್ಲಿ ಒಂದಾಗಿರುತ್ತದೆ. ನೂರನೆಯದರ ಹೊತ್ತಿಗೆ ಬಹುಮಾನ ಬಂದೇ ಬರಬೇಕು. ಗಾಚಾದಲ್ಲಿ ಹಾಗಲ್ಲ. ನೀವು ಹರಿದ ಚೀಟಿಯನ್ನು ಅಂಗಡಿಯವನು ಪ್ರತಿ ಸಲ ಮತ್ತೆ ಅಂಟಿಸಿ, ಕಲಸಿ, ಮುಂದಿಡುತ್ತಾನೆ. ನೂರರಲ್ಲಿ ಒಂದು ಸಾಧ್ಯತೆಯ ಗಾಚಾದಲ್ಲಿ ನೂರು ಪುಲ್ ಮಾಡಿದವರಲ್ಲಿ ನೂರಕ್ಕೆ ಸುಮಾರು 37 ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಇನ್ನೂರು ಮಾಡಿದರೂ 13 ಮಂದಿಗೆ ಏನೂ ಸಿಕ್ಕಿರುವುದಿಲ್ಲ. ಪಿಟಿ ಇಲ್ಲದ ಗಾಚಾದಲ್ಲಿ ಬರಿಗೈಯವರ ಈ ಬಾಲಕ್ಕೆ ಕೊನೆಯೇ ಇಲ್ಲ.

ಆ ಬಾಲ ಎಷ್ಟು ಉದ್ದ ಎಂಬುದನ್ನು ಜಪಾನ್ 2016ರ ಜನವರಿಯಲ್ಲಿ ಕಂಡಿತು. ‘ಗ್ರಾನ್‌ಬ್ಲೂ ಫ್ಯಾಂಟಸಿ’ ಆಟದಲ್ಲಿ ಹೊಸ ವರ್ಷಕ್ಕೆಂದು ಅಂದಿರಾ ಎಂಬ ಪಾತ್ರ ಬಂತು. ಒಬ್ಬ ಆಟಗಾರ ನೇರಪ್ರಸಾರದಲ್ಲಿ ಕೂತು ಅದಕ್ಕಾಗಿ 2,276 ಸಲ ಪುಲ್ ಮಾಡಬೇಕಾಯಿತು. ಒಂದಕ್ಕೆ 300 ಯೆನ್‌ನಂತೆ 6.8 ಲಕ್ಷ ಯೆನ್. ಗಲಾಟೆ ಜೋರಾದ ಮೇಲೆ ಅದೇ ವರ್ಷದ ಮಾರ್ಚ್‌ನಲ್ಲಿ ಆಟ ಮಿತಿಯೊಂದನ್ನು ತಂದಿತು: 300 ಪುಲ್ ಮಾಡಿದವರು ಬ್ಯಾನರಿನ ಪಾತ್ರವನ್ನು ತಾವೇ ಆರಿಸಿಕೊಳ್ಳಬಹುದು. ಆಟಗಾರರು ಇದನ್ನು ‘ಸ್ಪಾರ್ಕ್’ ಎಂದು ಕರೆದರು. ಲೆಕ್ಕಕ್ಕೆ ಅದು 90,000 ಯೆನ್‌ನ ಚಾವಣಿ. ಬ್ಯಾನರ್ ಮುಗಿದರೆ ಕೂಡಿದ ಸ್ಪಾರ್ಕ್ ಕೂಡ ಮುಗಿಯುತ್ತದೆ. 250 ಪುಲ್‌ಗೆ ನಿಂತವರಿಗೆ ಆರಿಸುವ ಹಕ್ಕು ಇಲ್ಲ.

ಗಟ್ಟಿ ಪಿಟಿ, ಮೆದು ಪಿಟಿ

ಇವತ್ತು ಪಿಟಿ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವ ಮಾದರಿ 2020ರ ಸೆಪ್ಟೆಂಬರ್‌ನಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟ್‌ನದು. ಅಲ್ಲಿ ಪುಲ್ ಒತ್ತಿದಾಗ ಆಕಾಶದಿಂದ ಉಲ್ಕೆಯೊಂದು ಜಾರುತ್ತದೆ. ಅದು ನೀಲಿಯಾಗಿಯೇ ಉಳಿದರೆ ಸಾಧಾರಣ ಆಯುಧ, ನೇರಳೆಗೆ ತಿರುಗಿದರೆ ಫೋರ್ ಸ್ಟಾರ್, ಹೊಂಬಣ್ಣಕ್ಕೆ ತಿರುಗಿದರೆ ಫೈವ್ ಸ್ಟಾರ್, ಅಂದರೆ ಅತ್ಯಂತ ಅಪರೂಪದ ದರ್ಜೆ. ಆ ಎರಡು ಮೂರು ಸೆಕೆಂಡು ಉಸಿರು ಬಿಗಿಹಿಡಿದು ನೋಡುತ್ತಾರೆ. ಫಲಿತಾಂಶ ಸರ್ವರ್‌ನಲ್ಲಿ ಆಗಲೇ ನಿರ್ಧಾರವಾಗಿರುತ್ತದೆ. ಉಲ್ಕೆ ಬರೀ ಪ್ರದರ್ಶನ.

ಪಾತ್ರದ ಬ್ಯಾನರ್‌ನ ವಿವರ ಪುಟದಲ್ಲಿ ಮೂರು ಅಂಕಿ ಕೊಟ್ಟಿದ್ದಾರೆ. ಫೈವ್ ಸ್ಟಾರ್ ಬರುವ ಮೂಲ ಸಾಧ್ಯತೆ ಶೇ. 0.6. ಖಾತ್ರಿಯನ್ನೂ ಸೇರಿಸಿದರೆ ಸರಾಸರಿ ಶೇ. 1.6. ತಡವಾದರೆ 90ನೆಯ ಪುಲ್‌ನಲ್ಲಿ ಖಂಡಿತ. ಈ 90ಕ್ಕೆ ‘ಹಾರ್ಡ್ ಪಿಟಿ’ ಎನ್ನುತ್ತಾರೆ.

ಈಗ ಈ ಮೂರನ್ನೂ ಒಂದಕ್ಕೊಂದು ತಾಳೆ ಹಾಕಿ ನೋಡಿ. 89ರವರೆಗೆ ಸಾಧ್ಯತೆ 0.6ರಲ್ಲೇ ನಿಂತು 90ಕ್ಕೆ ಖಾತ್ರಿ ಎಂದಿಟ್ಟುಕೊಂಡರೆ, ಒಂದು ಫೈವ್ ಸ್ಟಾರ್‌ಗೆ ಸರಾಸರಿ ಸುಮಾರು 70 ಪುಲ್ ಬೇಕು, ಅಂದರೆ ಶೇ. 1.43. ಪುಟದಲ್ಲಿ ಬರೆದದ್ದು 1.6, ಅಂದರೆ ಸುಮಾರು 62 ಪುಲ್. ಅಂಕಿ ಹೊಂದುವುದಿಲ್ಲ. ನಡುವೆ ಎಲ್ಲೋ ಸಾಧ್ಯತೆ ಏರಲೇಬೇಕು. ಆಟಗಾರರು ತಮ್ಮ ಪುಲ್ ಇತಿಹಾಸಗಳನ್ನು ದೊಡ್ಡ ಪ್ರಮಾಣದಲ್ಲಿ ಒಟ್ಟುಹಾಕಿ ನೋಡಿದಾಗ ಆ ಜಾಗ ಸಿಕ್ಕಿತು: 74ನೆಯ ಪುಲ್‌ನಿಂದ ಪ್ರತಿ ಸಲಕ್ಕೂ ಸುಮಾರು ಶೇ. 6ರಂತೆ ಏರಿಕೆ. ಇದಕ್ಕೆ ‘ಸಾಫ್ಟ್ ಪಿಟಿ’ ಎಂದು ಹೆಸರಿಟ್ಟವರೂ ಅವರೇ. ಈ ಏರಿಕೆ ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ ಕರಾರುವಾಕ್ಕಾಗಿ 62ರ ಹತ್ತಿರಕ್ಕೆ ಬರುತ್ತದೆ.

ಇದರ ಪರಿಣಾಮವನ್ನು ಗಮನಿಸಿ. ನೂರು ಮಂದಿಯಲ್ಲಿ 64 ಮಂದಿಗೆ 73ರವರೆಗೂ ಏನೂ ಬರುವುದಿಲ್ಲ. 74ರಿಂದ 80ರೊಳಗಿನ ಏಳೇ ಪುಲ್‌ಗಳಲ್ಲಿ 56 ಮಂದಿಗೆ ಬಂದುಬಿಡುತ್ತದೆ. ಅರ್ಧಕ್ಕಿಂತ ಹೆಚ್ಚಿನ ಆಟಗಾರರ ‘ಅದೃಷ್ಟ’ ಈ ಸಣ್ಣ ಕಿಂಡಿಯಲ್ಲೇ ನಡೆಯುತ್ತದೆ. ಹಾರ್ಡ್ ಪಿಟಿಯ 90 ಮುಟ್ಟುವವರು ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದರೂ ಆಟ ತನ್ನ ಬಾಯಿಂದ ಹೇಳಿದ್ದು 90 ಎಂಬ ಅಂಕಿಯನ್ನು ಮಾತ್ರ, 74 ಅಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡ ತಪ್ಪಾಗಿ ಕಾಣುವುದು ಇದೇ. ದುಡ್ಡು ಕೊಡುವವನಿಗೆ ಅತ್ಯಂತ ಉಪಯೋಗಕ್ಕೆ ಬರುವ ಅಂಕಿಯನ್ನು ದುಡ್ಡು ಕೊಟ್ಟವರೇ ಸೇರಿ ಅಗೆದು ತೆಗೆಯಬೇಕಾಗಿ ಬರಬಾರದಿತ್ತು.

ಫೈವ್ ಸ್ಟಾರ್ ಬಂದಮಾತ್ರಕ್ಕೆ ಬೇಕಾದ ಪಾತ್ರವೇ ಬಂತು ಎಂದಲ್ಲ. ಅದು ಬ್ಯಾನರಿನ ಪಾತ್ರವಾಗುವ ಸಾಧ್ಯತೆ ಅರ್ಧಕ್ಕರ್ಧ, ಆಡುಮಾತಿನಲ್ಲಿ ‘ಫಿಫ್ಟಿ ಫಿಫ್ಟಿ’. 2024ರ ಆಗಸ್ಟ್‌ನ 5.0 ಆವೃತ್ತಿ ಇದನ್ನು ಒಟ್ಟಾರೆ ಶೇ. 55ಕ್ಕೆ ಏರಿಸಿತು. ಸೋತರೆ ಹಳೆಯ ಪಾತ್ರಗಳಲ್ಲೊಂದು ಬರುತ್ತದೆ, ಎಣಿಕೆ ಸೊನ್ನೆಗೆ ಇಳಿಯುತ್ತದೆ, ಆದರೆ ಮುಂದಿನ ಫೈವ್ ಸ್ಟಾರ್ ಬ್ಯಾನರಿನದೇ ಎಂಬ ಖಾತ್ರಿ ಸಿಗುತ್ತದೆ. ಹಾಗಾಗಿ ಒಂದು ಪಾತ್ರದ ನಿಜವಾದ ಚಾವಣಿ 90 ಅಲ್ಲ, 180.

ದುಡ್ಡಿಗೆ ಇಳಿಸಿದಾಗ

ಒಂದು ಪುಲ್‌ಗೆ 160 ಪ್ರೈಮೋಜೆಮ್, ಅಂದರೆ ಆಟದೊಳಗಿನ ನಾಣ್ಯ. 180ಕ್ಕೆ 28,800. ದೊಡ್ಡ ಪ್ಯಾಕ್‌ಗೆ 99.99 ಡಾಲರ್, ಅದರಲ್ಲಿ ಬೋನಸ್ ಸೇರಿ 8,080 ಜೆನೆಸಿಸ್ ಕ್ರಿಸ್ಟಲ್. ಒಂದು ಕ್ರಿಸ್ಟಲ್ ಒಂದು ಪ್ರೈಮೋಜೆಮ್ ಆಗುತ್ತದೆ, 160 ಪ್ರೈಮೋಜೆಮ್ ಒಂದು ಪುಲ್‌ನ ಟಿಕೆಟ್ ಆಗುತ್ತದೆ. ಒಂದು ಪ್ಯಾಕ್‌ಗೆ ಐವತ್ತು ಪುಲ್ ಎಂದುಕೊಂಡರೆ 180ಕ್ಕೆ ನಾಲ್ಕು ಪ್ಯಾಕ್, ಹತ್ತಿರಹತ್ತಿರ 400 ಡಾಲರ್. ಮೊದಲ ಖರೀದಿಯ ರಿಯಾಯಿತಿ ಬಿಟ್ಟು ಹೇಳಿದ ಲೆಕ್ಕ ಇದು. ಅದೂ ಒಂದೇ ಪ್ರತಿಗೆ. ಪಾತ್ರದ ಪೂರ್ತಿ ಬಲ ತೆರೆಯಲು ಇನ್ನೂ ಆರು ಪ್ರತಿ ಬೇಕು.

ದುಡ್ಡು ಕೊಡದೆ ಆಡುವವರಿಗೆ ದಿನದ ಕೆಲಸಗಳಿಂದ 60 ಪ್ರೈಮೋಜೆಮ್ ಸಿಗುತ್ತದೆ. ಬ್ಯಾನರ್ ಇರುವುದು ಸುಮಾರು ಮೂರು ವಾರ. ಅಷ್ಟರಲ್ಲಿ ಬರೀ ದಿನಗೆಲಸದಿಂದ 1,260, ಎಂಟು ಪುಲ್‌ಗೂ ಸಾಲದು. ಕಥೆ, ಹಬ್ಬದ ಸ್ಪರ್ಧೆ, ಹೊಸ ಪ್ರದೇಶಗಳ ಪೆಟ್ಟಿಗೆಗಳಿಂದ ಇನ್ನಷ್ಟು ಸೇರುತ್ತದೆ, ಆದರೂ ತಿಂಗಳುಗಟ್ಟಲೆ ಕೂಡಿಡದೆ 180 ಆಗುವುದಿಲ್ಲ.

ಡಾಲರ್, ಕ್ರಿಸ್ಟಲ್, ಪ್ರೈಮೋಜೆಮ್, ಟಿಕೆಟ್. ನಡುವೆ ಇಷ್ಟು ಮೆಟ್ಟಿಲು ಯಾಕೆ? ಮೇಲಿನ ಗುಣಾಕಾರವನ್ನು ಪುಲ್ ಒತ್ತುವ ಹೊತ್ತಿನಲ್ಲಿ ಯಾರೂ ಮಾಡುವುದಿಲ್ಲ, ಅದಕ್ಕೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಇದೇ ಆಟದ ಪ್ರಕಾಶಕರ ಮೇಲೆ ತಂದ ಪ್ರಕರಣದಲ್ಲಿ ಈ ಗೊಂದಲದ ನಾಣ್ಯ ವ್ಯವಸ್ಥೆಯೂ ಒಂದು ಆರೋಪವಾಗಿತ್ತು. ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಹೆತ್ತವರ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಲೂಟ್ ಬಾಕ್ಸ್ (ಒಳಗೇನಿದೆ ಎಂದು ತಿಳಿಯದೆ ಕೊಳ್ಳುವ, ಗಾಚಾದಂಥ ಪೆಟ್ಟಿಗೆ) ಮಾರಬಾರದು, ಸಾಧ್ಯತೆಯನ್ನೂ ನಾಣ್ಯಗಳ ವಿನಿಮಯ ದರವನ್ನೂ ತೋರಿಸಬೇಕು ಎಂಬುದು ಷರತ್ತು.

ಎಣಿಕೆಯಲ್ಲಿ ಎಡವುವ ಜಾಗಗಳು

ಎಣಿಕೆ ಎಲ್ಲಿ ಮುಂದುವರಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬುದೇ ಪಿಟಿಯ ಜೀವಾಳ. ಗೆನ್ಶಿನ್‌ನಲ್ಲಿ ಒಂದು ಪಾತ್ರದ ಬ್ಯಾನರ್‌ನ ಎಣಿಕೆ ಮುಂದಿನ ಪಾತ್ರದ ಬ್ಯಾನರ್‌ಗೆ ಹೋಗುತ್ತದೆ. ಆಯುಧದ ಬ್ಯಾನರ್‌ಗೆ ಹೋಗುವುದಿಲ್ಲ. ಆಯುಧದ್ದು ಬೇರೆಯೇ ಲೆಕ್ಕ: ಮೂಲ ಸಾಧ್ಯತೆ ಶೇ. 0.7, ಮಿತಿ 80. ಅಲ್ಲಿ ಬೇಕಾದ ಆಯುಧವನ್ನು ಗುರುತಿಸಿ ಅದರ ಕಡೆಗೆ ಕೂಡಿಸಿದ ಅಂಕ ಬ್ಯಾನರ್ ಬದಲಾದ ದಿನ ಅಳಿದುಹೋಗುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಅರ್ಧ ದಾರಿಯಲ್ಲಿ ನಿಂತವರು ಕಳೆದುಕೊಳ್ಳುವುದು ಇಲ್ಲೇ.

ಇನ್ನೊಂದು ತಪ್ಪು ‘ಪಿಟಿ ಕಟ್ಟುವುದು’. ಬೇಡದ ಬ್ಯಾನರ್‌ನಲ್ಲಿ ಹತ್ತು ಪುಲ್ ಮಾಡಿ ಎಣಿಕೆ ಏರಿಸಿಕೊಳ್ಳೋಣ ಎಂಬ ಯೋಚನೆ. ಎಣಿಕೆ ಕಡಿಮೆ ಇರುವಾಗಲೂ ಆ ಹತ್ತರಲ್ಲಿ ಫೈವ್ ಸ್ಟಾರ್ ಬಿದ್ದುಬಿಡುವ ಸಾಧ್ಯತೆ ಸುಮಾರು ಶೇ. 6. ಬಿದ್ದರೆ ಎಣಿಕೆ ಸೊನ್ನೆ, ಕೈಯಲ್ಲಿದ್ದ ಖಾತ್ರಿಯೂ ಬೇಡದ ಪಾತ್ರಕ್ಕೆ ಖರ್ಚು. ಇನ್ನು ಹತ್ತರ ಪುಲ್‌ಗೂ ಒಂಟಿ ಪುಲ್‌ಗೂ ಸಾಧ್ಯತೆಯಲ್ಲಿ ವ್ಯತ್ಯಾಸವಿಲ್ಲ. ಆದರೆ 70 ದಾಟಿದ ಮೇಲೆ ಹತ್ತರದ್ದು ಒತ್ತಿ ನಾಲ್ಕನೆಯದಕ್ಕೇ ಪಾತ್ರ ಬಂದರೆ, ಉಳಿದ ಆರು ಪುಲ್‌ಗೆ ಬೇರೆ ಕಡೆ ಉಪಯೋಗವಿದ್ದರೂ ಅವು ಆಗಲೇ ಹೋಗಿರುತ್ತವೆ. ಆ ಹಂತದಲ್ಲಿ ಒಂದೊಂದಾಗಿಯೇ ಒತ್ತಬೇಕು.

ದುಡ್ಡಿಲ್ಲದ ಪಿಟಿ

ಈ ಗಣಿತ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಒಳ್ಳೆಯ ವಿನ್ಯಾಸಕರು ಇದನ್ನು ಗಾಚಾಕ್ಕೂ ಮೊದಲಿನಿಂದ ಬಳಸಿದ್ದಾರೆ. ಡೋಟಾ 2 ಆಟದಲ್ಲಿ ಶೇ. 25 ಎಂದು ಬರೆದಿರುವ ಕ್ರಿಟಿಕಲ್ ಏಟು, ಅಂದರೆ ಹೆಚ್ಚು ಹಾನಿ ಮಾಡುವ ಏಟು, ಮೊದಲ ಹೊಡೆತಕ್ಕೇ ಬೀಳುವ ಸಾಧ್ಯತೆ ಸುಮಾರು ಶೇ. 8.5 ಮಾತ್ರ. ತಪ್ಪಿದ ಪ್ರತಿ ಹೊಡೆತಕ್ಕೂ ಅಷ್ಟೇ ಸೇರುತ್ತ ಹೋಗಿ, 12ನೆಯದಕ್ಕೆ ಬೀಳಲೇಬೇಕು. ವಾರ್‌ಕ್ರಾಫ್ಟ್ 3ರಿಂದ ಬಂದ ಪದ್ಧತಿ ಅದು. ಆಧುನಿಕ ಟೆಟ್ರಿಸ್‌ನಲ್ಲಿ ಏಳು ಆಕಾರಗಳನ್ನು ಒಂದು ಚೀಲಕ್ಕೆ ಹಾಕಿ ಕಲಸಿ, ಚೀಲ ಬರಿದಾದ ಮೇಲೆಯೇ ಹೊಸದು ತುಂಬುತ್ತಾರೆ. ಹಾಗಾಗಿ ಎರಡು ಉದ್ದ ಕಡ್ಡಿಗಳ ನಡುವೆ ಹೆಚ್ಚೆಂದರೆ 12 ಬೇರೆ ಆಕಾರ ಬರಬಹುದು. ಅಂಗಡಿಯ ಚೀಟಿ ಹಲಗೆಯ ತತ್ವವೇ ಇದು. ಡೋಟಾ, ಟೆಟ್ರಿಸ್ ಎರಡರಲ್ಲೂ ಉದ್ದೇಶ ಒಂದೇ: ಚೆನ್ನಾಗಿ ಆಡಿದವನು ಕೆಟ್ಟ ಅದೃಷ್ಟದಿಂದ ಸೋಲಬಾರದು. ಗಾಚಾದಲ್ಲಿ ಅದೇ ಏರಿಕೆ, 70ರವರೆಗೆ ಬಂದವನಿಗೆ ‘ಇನ್ನು ಹತ್ತೇ’ ಅನಿಸಿ ಮತ್ತೊಂದು ಪ್ಯಾಕ್ ಕೊಳ್ಳುವಂತೆ ಮಾಡುತ್ತದೆ. ಸಾಧನ ಒಂದೇ ಆದರೂ ಕೆಲಸ ತಿರುಗುಮುರುಗು.

ಕಾನೂನುಗಳು ಈ ಹಿಂದೆಯೇ ಕೈ ಹಾಕಿವೆ. ಬಿಡಿ ವಸ್ತುಗಳ ಪೂರ್ತಿ ಸೆಟ್ ಆದರೆ ದೊಡ್ಡ ಬಹುಮಾನ ಕೊಡುವ ‘ಕೊಂಪು ಗಾಚಾ’ವನ್ನು ಜಪಾನಿನ ಗ್ರಾಹಕ ವ್ಯವಹಾರ ಸಂಸ್ಥೆ 2012ರಲ್ಲಿ ಅಕ್ರಮ ಎಂದಿತು. ಚೀನಾ 2017ರ ಮೇ 1ರಿಂದ ಸಾಧ್ಯತೆಗಳ ಪ್ರಕಟಣೆಯನ್ನು ಕಡ್ಡಾಯ ಮಾಡಿತು, ಅದೇ ವರ್ಷ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ಗೂ ಆ ನಿಯಮ ತಂದಿತು. ಪ್ರಕಟಿಸಿದ ಅಂಕಿ ನಿಜವೇ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ದಕ್ಷಿಣ ಕೊರಿಯಾದಲ್ಲಿ. ಮೇಪಲ್‌ಸ್ಟೋರಿ ಆಟದ ‘ಕ್ಯೂಬ್’ ವಸ್ತುಗಳ ಸಾಧ್ಯತೆಯನ್ನು ಆಟಗಾರರಿಗೆ ತಿಳಿಸದೆ ಇಳಿಸಿದ್ದಕ್ಕೆ 2024ರ ಜನವರಿಯಲ್ಲಿ ಆ ಆಟದ ಕಂಪನಿ ನೆಕ್ಸಾನ್‌ಗೆ ಸುಮಾರು 1,160 ಕೋಟಿ ವೋನ್ ದಂಡ ಬಿತ್ತು. ಮಾರ್ಚ್ 22ರಿಂದ ಅಲ್ಲೂ ಪ್ರಕಟಣೆ ಕಡ್ಡಾಯವಾಯಿತು. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಗುರಿಯಿಟ್ಟದ್ದು ಹಣ ಒಡ್ಡಿ ಹಣ ಗೆಲ್ಲುವ ಆಟಗಳತ್ತ. ಆದ್ದರಿಂದ ವಿವರ ಪುಟ ಓದಿ ಲೆಕ್ಕ ಹಾಕುವ ಹೊಣೆ ಇಲ್ಲಿ ಆಟಗಾರನ ಮೇಲೆಯೇ ಇದೆ.

ಯಾವುದೇ ಹೊಸ ಗಾಚಾ ಆಟದಲ್ಲಿ ಮೊದಲ ಪುಲ್‌ಗೂ ಮುನ್ನ ಬ್ಯಾನರ್‌ನ ಮೂಲೆಯಲ್ಲಿರುವ ವಿವರ ಗುಂಡಿ ಒತ್ತಿ ನೋಡಬೇಕಾದದ್ದು ಇಷ್ಟು. ಖಾತ್ರಿ ಎಷ್ಟನೆಯದಕ್ಕೆ? ಆ ಖಾತ್ರಿ ಬೇಕಾದ ಪಾತ್ರಕ್ಕೋ, ಬರೀ ಅದೇ ದರ್ಜೆಯ ಯಾವುದಾದರೂ ಪಾತ್ರಕ್ಕೋ? ಎಣಿಕೆ ಮುಂದಿನ ಬ್ಯಾನರ್‌ಗೆ ಹೋಗುತ್ತದೆಯೇ? ಆಮೇಲೆ ಇತಿಹಾಸ ಪುಟ ತೆರೆದು ಕೊನೆಯ ಫೈವ್ ಸ್ಟಾರ್‌ನ ನಂತರದ ಪುಲ್‌ಗಳನ್ನು ಎಣಿಸಿ. ಗೆನ್ಶಿನ್‌ನಲ್ಲಿ ಆ ಪುಟ ಸುಮಾರು ಒಂದು ಗಂಟೆ ತಡವಾಗಿ ತುಂಬುತ್ತದೆ, ಹಾಗಾಗಿ ಆಗತಾನೆ ಮಾಡಿದ್ದನ್ನು ಕೈಯಲ್ಲೇ ಸೇರಿಸಿಕೊಳ್ಳಬೇಕು. ಖಾತ್ರಿಯಿಂದ ಆ ಎಣಿಕೆ ಕಳೆದು, ಉಳಿದದ್ದನ್ನು ಒಂದು ಪುಲ್‌ನ ಬೆಲೆಯಿಂದ ಗುಣಿಸಿ, ರೂಪಾಯಿಯಲ್ಲಿ ಬರೆದುಕೊಳ್ಳಿ. ಎಣಿಕೆ ಅಳಿಯುವ ಬ್ಯಾನರ್ ಆಗಿದ್ದು, ಕೈಯಲ್ಲಿರುವುದು ಆ ಮೊತ್ತಕ್ಕೆ ಸಾಲದಿದ್ದರೆ, ಮೊದಲ ಪುಲ್ ಅನ್ನೇ ಮಾಡಬೇಡಿ.